ಎಂಜಿನ್ ಪಾರ್ಟ್ಸ್ ಮಾಡುವ ಸಣ್ಣ ಮಷಿನ್ ಶಾಪ್ ಮಾಲೀಕರಿಗೆ ಮ್ಯಾನೇಜ್‌ಮೆಂಟ್ ಕೋರ್ಸ್: ಇವಿ (ಎಲೆಕ್ಟ್ರಿಕ್ ವಾಹನ) ಕಾಲದಲ್ಲಿ ಉಪಯೋಗ ಇದೆಯಾ?

ಪೀಣ್ಯ_ಎರಡನೇಹಂತ

ಒಂದು ಶಾಪ್ ಅಂದ್ಕೊಳ್ಳಿ. 14 ಯಂತ್ರ, 35 ಜನ, ವರ್ಷಕ್ಕೆ 6 ಕೋಟಿ ವಹಿವಾಟು. ಮುಕ್ಕಾಲು ಪಾಲು ಕೆಲಸ ಬೈಕ್ ಎಂಜಿನ್ನಿನದು: ವಾಲ್ವ್ ಗೈಡ್, ಕ್ಯಾಮ್ ಸ್ಪ್ರಾಕೆಟ್, ಕ್ಲಚ್ ಹಬ್. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಈ ಮೂರೂ ಇಲ್ಲ. ಇಂಥ ಶಾಪ್ ಮಾಲೀಕರು ಐಐಎಂ ಥರದ ಕಡೆ ಉದ್ಯಮಿಗಳಿಗೆ ಅಂತಲೇ ನಡೆಸೋ ಕೋರ್ಸಿಗೆ ಹೋದರೆ ನಿಜಕ್ಕೂ ಏನು ಸಿಗುತ್ತೆ? ಆಡಿಟರ್ ಆಗಲಿ, ಕನ್ಸಲ್ಟೆಂಟ್ ಆಗಲಿ ಹೇಳಿಕೊಡದೇ ಇರೋದು ಅಲ್ಲಿ ಏನಿದೆ? ಬ್ರೋಷರ್ ಮಾತು ಬೇಡ, ಲೆಕ್ಕ ಬೇಕು.

ಗೇರ್_ಹಾಬ್

ಏನೂ ಸಿಗಲ್ಲ ಅಂತ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರಾದರೂ ತಿದ್ದಲಿ. ಓದಿಸೋದು ಹತ್ತು ಸಾವಿರ ಜನ ಇರೋ ಕಂಪನಿಗಳ ಕಥೆ. ಇಲ್ಲಿನ ತಲೆನೋವು ಏಳನೇ ತಾರೀಕಿನ ಸಂಬಳ. ಅದೂ ಅಲ್ಲದೆ 2024-25ರಲ್ಲಿ ದೇಶದಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳಲ್ಲಿ ಎಲೆಕ್ಟ್ರಿಕ್ ಸುಮಾರು ಶೇ 6 ಅಷ್ಟೇ. ಉಳಿದದ್ದೆಲ್ಲ ಪೆಟ್ರೋಲ್. ಇಷ್ಟು ಬೇಗ ಗಾಬರಿ ಯಾಕೆ?

ಖರ್ಚುಲೆಕ್ಕ

ಶೇ 6 ದ್ವಿಚಕ್ರದ ಮಾತು. ಅದೇ ವರ್ಷ ತ್ರಿಚಕ್ರದಲ್ಲಿ ಎಲೆಕ್ಟ್ರಿಕ್ ಪಾಲು ಅರ್ಧ ದಾಟಿದೆ. ಆಟೋ ಭಾಗ ಮಾಡುವವರಿಗೆ ಒಂದು ಉತ್ತರ, ಬೈಕ್ ಭಾಗ ಮಾಡುವವರಿಗೆ ಇನ್ನೊಂದು. ಆದ್ದರಿಂದ ದೇಶದ ಸರಾಸರಿ ಬಿಡಿ, ನಿಮ್ಮದೇ ಪಾರ್ಟ್ ನಂಬರ್ ಪಟ್ಟಿ ತೆಗೀರಿ. ಕೋರ್ಸಿಗೆ ಅರ್ಜಿ ಹಾಕೋ ಮೊದಲು ಮಾಡಬೇಕಾದ ಕೆಲಸ ಇದು.

ಪ್ರತಿ ಪಾರ್ಟ್‌ಗೂ ಒಂದು ಅಕ್ಷರ ಹಾಕಿ. ಎಂಜಿನ್ ಇದ್ದರೆ ಮಾತ್ರ ಬೇಕಾಗೋದು 'ಎ': ವಾಲ್ವ್ ಗೈಡ್, ಕನೆಕ್ಟಿಂಗ್ ರಾಡ್, ಕ್ಯಾಮ್‌ಶಾಫ್ಟ್, ಸೈಲೆನ್ಸರ್ ಫ್ಲೇಂಜ್, ಕ್ಲಚ್. ಎರಡರಲ್ಲೂ ಇರೋದು 'ಬಿ': ಬ್ರೇಕ್ ಕ್ಯಾಲಿಪರ್, ಫೋರ್ಕ್ ಭಾಗ, ವೀಲ್ ಹಬ್, ಸ್ಟೀರಿಂಗ್ ಬ್ರಾಕೆಟ್. ಎಲೆಕ್ಟ್ರಿಕ್‌ನಲ್ಲಿ ಮಾತ್ರ ಇರೋದು 'ಸಿ': ಮೋಟಾರ್ ಶಾಫ್ಟ್, ಮೋಟಾರ್ ಹೌಸಿಂಗ್, ಬಸ್‌ಬಾರ್ (ಕರೆಂಟು ಸಾಗಿಸೋ ಲೋಹದ ಪಟ್ಟಿ), ಹೀಟ್ ಸಿಂಕ್ (ಬಿಸಿ ಹೊರಹಾಕೋ ಭಾಗ). ಆಮೇಲೆ ಪ್ರತಿ ಅಕ್ಷರದ ಎದುರು ಮಾರಾಟ ಬರೆಯಬೇಡಿ, ಕಾಂಟ್ರಿಬ್ಯೂಷನ್ ಬರೀರಿ. ಅಂದರೆ ಬೆಲೆಯಲ್ಲಿ ಕಚ್ಚಾ ಮಾಲು, ಟೂಲ್, ಹೊರಗೆ ಕೊಡಿಸೋ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಕಳೆದು ಕೈಯಲ್ಲಿ ಉಳಿಯೋದು. ಮಾರಾಟದಲ್ಲಿ 'ಎ' ಶೇ 55 ಇದ್ದು ಕಾಂಟ್ರಿಬ್ಯೂಷನ್‌ನಲ್ಲಿ ಶೇ 70 ಆಗಿಬಿಡಬಹುದು. ಹಳೇ ಪಾರ್ಟ್, ಕೈ ಪಳಗಿದೆ, ಸ್ಕ್ರ್ಯಾಪ್ ಕಡಿಮೆ, ಅದಕ್ಕೇ ಲಾಭ ಅಲ್ಲೇ ಕೂತಿರುತ್ತೆ. ಆಡಿಟರ್ ಕೊಡೋ ಬ್ಯಾಲೆನ್ಸ್ ಶೀಟಿನಲ್ಲಿ ಈ ಚಿತ್ರ ಬರೋದೇ ಇಲ್ಲ. ಅದು ತೆರಿಗೆಗೆ ಬರೆದ ಲೆಕ್ಕ, ತೀರ್ಮಾನಕ್ಕೆ ಬರೆದದ್ದಲ್ಲ.

ಬೆಳಗಾವಿ_ಫೌಂಡ್ರಿ

ಮೇಡಂ ಹೇಳಿದ್ದು ಖರೆ ಐತ್ರಿ. ಅದಕ್ಕ ಇನ್ನೊಂದು ಕಾಲಮ್ ಸೇರಿಸ್ರಿ. ಹೋದ 24 ತಿಂಗಳದಾಗ ಹೊಸ ಪಾರ್ಟಿಗೆ ಎಷ್ಟು ಎನ್‌ಕ್ವಾಯರಿ ಬಂದಾವ, ಅದರಾಗ ಎ ಎಷ್ಟು, ಬಿ ಎಷ್ಟು, ಸಿ ಎಷ್ಟು.

ಯಾಕಂದ್ರ ಈ ಬದಲಾವಣಿ ಬಿಎಸ್-6 ಹೊಗಿ ನಿಯಮ ಬಂದಂಗ ಬರೂದಿಲ್ಲ. ಅದು ಏಪ್ರಿಲ್ 2020 ಅಂತ ತಾರೀಕು ಹಚ್ಚಿಕೊಂಡು ಬಂತು. ಕಾರ್ಬುರೇಟರ್ ಹೋತು, ಫ್ಯೂಯಲ್ ಇಂಜೆಕ್ಷನ್ ಬಂತು, ಎಲ್ಲಾರಿಗೂ ಗೊತ್ತಿತ್ತು. ಇವಿ ಹಂಗಲ್ಲ. ಈಗಿನ ಶೆಡ್ಯೂಲ್ ಕಮ್ಮಿ ಆಗೂದಿಲ್ಲ, ಒಮ್ಮೊಮ್ಮೆ ಹೆಚ್ಚೂ ಆಗತೈತಿ. ಹೊಸಾ ಎಂಜಿನ್ ಡಿಸೈನ್ ನಿಂತಿರತೈತಿ, ಅಷ್ಟ. ಹೊಸಾ ಎನ್‌ಕ್ವಾಯರಿ ಒಣಗಿದ್ದು ಮಂದಿಗೆ ಗೊತ್ತಾಗೂದs ಇಲ್ಲ, ಮಷಿನ್ ಫುಲ್ ಓಡಾಕತ್ತಿರತಾವಲ್ಲ. ಹಳೇ ಮಾಡಲ್ ಬಂದ್ ಆದ ದಿನಾ ನೋಡಿದ್ರ ಕೈಯಾಗ ಏನೂ ಇರೂದಿಲ್ಲ. ಆಟೋ ಪಾರ್ಟಿಗೆ ಎನ್‌ಕ್ವಾಯರಿಯಿಂದ ಪಿಪ್ಯಾಪ್ (ಗಿರಾಕಿ ಪಾರ್ಟ್ ಒಪ್ಪೂ ಪರೀಕ್ಷಾ) ಮುಗಿಸಿ ಪ್ರೊಡಕ್ಷನ್ ಹಿಡೀಬೇಕಂದ್ರ 12ರಿಂದ 18 ತಿಂಗಳು ಬೇಕ್ರಿ.

ಸಂಜೆಪಾಳಿ

ಎಚ್‌ಎಂಟಿ ವಾಚ್ ನೆನಪಾಯ್ತು. ಕ್ವಾರ್ಟ್ಜ್ ಮಾಡೋಕೆ ಅವರಿಗೆ ಬರ್ತಿರಲಿಲ್ಲ ಅಂತಲ್ಲ. ಕೀ ಕೊಡೋ ವಾಚಿಗೆ ಕ್ಯೂ ನಿಂತಿತ್ತು, ಅದೇ ಕಣ್ಣು ಕಟ್ಟಿತು.

ತರಗತಿ_ಆಚೆ

ಇಂಥ ಕೋರ್ಸುಗಳಲ್ಲಿ ಪಾಠ ಮಾಡುವ ಕಡೆಯಿಂದ ನಾಲ್ಕು ಮಾತು. ಗೇರ್_ಹಾಬ್ ಅವರ ದೂರು ಅರ್ಧ ಸರಿ. ತಪ್ಪು ಕೋರ್ಸಿಗೆ ಹೋದರೆ ಅವರು ಹೇಳಿದ್ದೇ ಆಗುತ್ತದೆ.

ದೊಡ್ಡ ಕಂಪನಿಯ ಮ್ಯಾನೇಜರ್‌ಗಳಿಗೆ ಮಾಡಿದ ಮೂರು ದಿನದ ಕಾರ್ಯಕ್ರಮ ಒಂದು ಜಾತಿ. ಮಾಲೀಕರಿಗೆ ಮಾಡಿದ್ದು ಬೇರೆ ಜಾತಿ. ಬೆಂಗಳೂರಿನ ಐಐಎಂ ಉದ್ಯಮಿಗಳಿಗೆ ಮತ್ತು ಕುಟುಂಬದ ವ್ಯವಹಾರಗಳಿಗೆ ಅಂತಲೇ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಮಹಿಳಾ ಉದ್ಯಮಿಗಳ ಗೋಲ್ಡ್‌ಮನ್ ಸ್ಯಾಕ್ಸ್ 10,000 ವಿಮೆನ್ ಕಾರ್ಯಕ್ರಮವೂ ಅಲ್ಲಿ ನಡೆದಿದೆ. ಮುಂಬೈನ ಎಸ್‌ಪಿ ಜೈನ್‌ನಲ್ಲಿ ಕುಟುಂಬದ ಉದ್ದಿಮೆಯ ಮುಂದಿನ ತಲೆಮಾರಿಗೆ ತಿಂಗಳಲ್ಲಿ ಸುಮಾರು ಒಂದು ವಾರ ತರಗತಿ, ಉಳಿದ ದಿನ ಅಂಗಡಿ ಅಥವಾ ಫ್ಯಾಕ್ಟರಿಯಲ್ಲೇ. ಹೈದರಾಬಾದಿನ ಐಎಸ್‌ಬಿಯಲ್ಲೂ ಕುಟುಂಬದ ವ್ಯವಹಾರದವರಿಗೆ ಕಂತು ಕಂತಾಗಿ ನಡೆಯುವ ಕೋರ್ಸ್ ಇದೆ. ಹಾರ್ವರ್ಡ್‌ನಲ್ಲಿ ಮಾಲೀಕರಿಗೆ ಇರುವುದು ಮೂರು ಭಾಗದ್ದು. 6 ಕೋಟಿಯ ಶಾಪ್‌ಗೆ ಅದು ಭಾರ, ಬಿಡಿ.

ಕಂತಿನಲ್ಲಿ ನಡೆಯುವುದನ್ನೇ ಹಿಡಿಯಿರಿ. ಎರಡು ತರಗತಿಗಳ ನಡುವೆ ಮೂರು ವಾರ ಬಿಡುವಿದ್ದರೆ ಕಲಿತದ್ದನ್ನು ಶಾಪ್‌ನಲ್ಲಿ ಹಚ್ಚಿ ನೋಡಿ, ಎಡವಿ, ಆ ಸಂಖ್ಯೆಯನ್ನೇ ಹಿಂದಕ್ಕೆ ತರಬಹುದು. ಒಂದೇ ಏಟಿಗೆ ಹದಿನೈದು ದಿನ ಕೂರಿಸುವ ಕೋರ್ಸಿನಿಂದ ಬರುವುದು ಒಂದು ದಪ್ಪ ಫೈಲು. ಸೇರುವ ಮುಂಚೆ ಈ ಮೂರನ್ನು ಕೇಳಿ: ನನ್ನ ಶಾಪ್‌ನ ಲೆಕ್ಕವನ್ನು ತರಗತಿಯಲ್ಲಿ ಬಿಡಿಸಿಕೊಡುತ್ತೀರಾ? ನಡುವಿನ ವಾರಗಳಲ್ಲಿ ಯಾರಾದರೂ ಫ್ಯಾಕ್ಟರಿಗೆ ಬಂದು ನೋಡುತ್ತಾರಾ? ಬ್ಯಾಚಿನಲ್ಲಿ ಎಷ್ಟು ಜನ ಸ್ವಂತ ದುಡ್ಡು ಹಾಕಿ ಫ್ಯಾಕ್ಟರಿ ನಡೆಸುವವರು? ಕೊನೆಯದ್ದು ಎಲ್ಲಕ್ಕಿಂತ ಮುಖ್ಯ. ಔಷಧ ಪ್ಯಾಕಿಂಗ್ ಮಾಡುವವರೂ ಕಾಫಿ ಕ್ಯೂರಿಂಗ್ ನಡೆಸುವವರೂ ಪಕ್ಕದಲ್ಲಿ ಕೂತಿದ್ದರೆ, ಒಬ್ಬನೇ ಗಿರಾಕಿಯ ಮೇಲೆ ನಿಂತ ವ್ಯವಹಾರ ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಪಕ್ಕದ ಶೆಡ್ಡಿನವರು ಅದನ್ನು ಹೇಳುವುದಿಲ್ಲ. ಅವರದ್ದೂ ಅದೇ ಗಿರಾಕಿ.

ಗೇರ್_ಹಾಬ್

ಸರಿ ಸಾರ್, ಜಾತಿ ಬೇರೆ ಅಂತ ಒಪ್ಪಿದೆ. ಒಂದೇ ಒಂದು ಉದಾಹರಣೆ ಕೊಡಿ, ಕ್ಲಾಸಿನಲ್ಲಿ ಕಲಿತು ಶಾಪ್‌ನಲ್ಲಿ ದುಡ್ಡು ಉಳಿಸೋದು.

ಖರ್ಚುಲೆಕ್ಕ

ಮಷಿನ್ ಅವರ್ ರೇಟ್. ಎಲ್ಲರಿಗೂ ಗೊತ್ತು ಅಂತಾರೆ, ಸರಿಯಾಗಿ ಹಾಕೋರು ಕಡಿಮೆ. ಲೆಕ್ಕಕ್ಕೊಂದು ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಯಂತ್ರ) ತಗೊಳ್ಳೋಣ. ಬೆಲೆ 32 ಲಕ್ಷ, 8 ವರ್ಷಕ್ಕೆ ಮಾರಿದರೆ 4 ಲಕ್ಷ ಬರುತ್ತೆ, ಸವಕಳಿ ವರ್ಷಕ್ಕೆ 3.5 ಲಕ್ಷ. ಸರಾಸರಿ 18 ಲಕ್ಷದ ಮೇಲೆ ಶೇ 10 ಬಡ್ಡಿ, 1.8 ಲಕ್ಷ. ಎರಡು ಪಾಳಿ ಆಪರೇಟರ್ ತಲಾ 25,000, ವರ್ಷಕ್ಕೆ 6 ಲಕ್ಷ. ರಿಪೇರಿ 1.2 ಲಕ್ಷ, ಜಾಗದ ಬಾಡಿಗೆ ಪಾಲು 1.44 ಲಕ್ಷ. ಒಟ್ಟು 13.94 ಲಕ್ಷ, ಯಂತ್ರ ಓಡಿದರೂ ಓಡದಿದ್ದರೂ. ಕರೆಂಟು ಮಾತ್ರ ಓಡಿದಷ್ಟಕ್ಕೆ, ಗಂಟೆಗೆ 6 ಯೂನಿಟ್, 8 ರೂಪಾಯಿಯಂತೆ 48.

300 ದಿನ, 16 ಗಂಟೆ ಅಂದರೆ 4,800. ಶೇ 70 ಓಡಿದರೆ 3,360 ಗಂಟೆ. ರೇಟ್: 415 + 48 = 463 ರೂಪಾಯಿ.

ಈಗ 'ಎ' ಕೆಲಸ ಇಳಿದು ಯಂತ್ರ ಶೇ 45 ಓಡ್ತಿದೆ ಅನ್ನಿ. 2,160 ಗಂಟೆ. ಅದೇ ಸೂತ್ರಕ್ಕೆ ಹಾಕಿದರೆ 645 + 48 = 693. ಮಾಲೀಕರು ಹೊಸ 'ಸಿ' ಪಾರ್ಟಿಗೆ 693 ಲೆಕ್ಕದಲ್ಲಿ ಕೋಟ್ ಕೊಡ್ತಾರೆ, ಆರ್ಡರ್ ಕೈ ತಪ್ಪುತ್ತೆ. ಯಂತ್ರ ಇನ್ನೂ ಖಾಲಿ, ರೇಟ್ ಇನ್ನೂ ಮೇಲೆ, ಮುಂದಿನ ಕೋಟೂ ಹೋಗುತ್ತೆ. ತಪ್ಪು ಎಲ್ಲಿ? ಯಂತ್ರ ಸುಮ್ಮನೆ ನಿಂತ ಖರ್ಚನ್ನು ಹೊಸ ಗಿರಾಕಿಯ ತಲೆಗೆ ಕಟ್ಟಿದ್ದು. ಕೋಟ್ ಕೊಡಬೇಕಾದದ್ದು ಮಾಮೂಲಿ ಸಾಮರ್ಥ್ಯದ 463 ಲೆಕ್ಕದಲ್ಲೇ. ನಿಂತ 1,200 ಗಂಟೆಯ ಖರ್ಚು, ಹತ್ತಿರ ಹತ್ತಿರ 5 ಲಕ್ಷ, ಬೇರೆ ಸಾಲಿನಲ್ಲಿ "ಖಾಲಿ ಯಂತ್ರ" ಅಂತ ಬರೆದಿಡಿ. ಆ ಸಾಲು ಪ್ರತಿ ತಿಂಗಳು ಮಾಲೀಕರ ಕಣ್ಣಿಗೆ ಚುಚ್ಚಬೇಕು.

ಗೇರ್_ಹಾಬ್

463ಕ್ಕೂ ಆರ್ಡರ್ ಸಿಗದಿದ್ದರೆ?

ಖರ್ಚುಲೆಕ್ಕ

ಆರು ತಿಂಗಳಿಗೆ ಅಂತ ಗೆರೆ ಎಳೆದು, ಕರೆಂಟು ಮತ್ತು ಟೂಲ್ ಖರ್ಚಿನ ಮೇಲೆ ಏನು ಸಿಕ್ಕಿದರೂ ತಗೋಬಹುದು. ಗೆರೆ ಇಲ್ಲದಿದ್ದರೆ ಅದೇ ಕಾಯಂ ರೇಟ್ ಆಗಿಬಿಡುತ್ತೆ, ಆಮೇಲೆ ಹೊಸ ಯಂತ್ರ ತರೋಕೆ ದುಡ್ಡೇ ಇರಲ್ಲ.

ಯಂತ್ರ ತುಂಬಿ ತುಳುಕೋ ಕಡೆ ಲೆಕ್ಕ ಉಲ್ಟಾ. ಬೆಲೆ 120 ಇರೋ ಪಾರ್ಟಿನಲ್ಲಿ 42 ಉಳಿದು ಅದು 6 ನಿಮಿಷ ತಿಂದರೆ ಗಂಟೆಗೆ 420. ಬೆಲೆ 45ರ ಚಿಲ್ಲರೆ ಪಾರ್ಟಿನಲ್ಲಿ 25 ಉಳಿದು ಎರಡೂವರೆ ನಿಮಿಷ ತಿಂದರೆ ಗಂಟೆಗೆ 600. ಹೆಚ್ಚಿನವರು ಮೊದಲನೇದನ್ನು "ಒಳ್ಳೆ ಪಾರ್ಟ್" ಅಂತ ಹಿಡ್ಕೊಂಡಿರ್ತಾರೆ.

ಪೀಣ್ಯ_ಎರಡನೇಹಂತ

ಇದು ಬೇಕಾಗಿತ್ತು. ಆದ್ರೆ ಮೇಡಂ, ಇದನ್ನ ಒಬ್ಬ ಕಾಸ್ಟ್ ಅಕೌಂಟೆಂಟ್ ಎರಡು ದಿನದಲ್ಲಿ ಹಾಕಿಕೊಡಬಹುದಲ್ವಾ? ಕೋರ್ಸ್ ಯಾಕೆ?

ಖರ್ಚುಲೆಕ್ಕ

ಹಾಕಿಕೊಡಬಹುದು. ಆ ಕಾಗದವನ್ನು ನಂಬಿ ಹತ್ತು ವರ್ಷದ ಗಿರಾಕಿಗೆ ಆಗಲ್ಲ ಅನ್ನೋ ಧೈರ್ಯ ಕಾಗದದ ಜೊತೆ ಬರಲ್ಲ. ತಾವೇ ಕೂತು ಹಾಕಿ, ಇನ್ನೂ ನಲವತ್ತು ಮಾಲೀಕರು ಅದನ್ನು ಹರಿದು ನೋಡಿದ ಮೇಲೆ ಬರುತ್ತೆ. ನನ್ನ ಅಭಿಪ್ರಾಯ ಇಷ್ಟೇ: ಕೋರ್ಸಿನ ಫೀಸು ಪಾಠಕ್ಕಲ್ಲ, ತೀರ್ಮಾನಕ್ಕೆ. ತೀರ್ಮಾನ ಮುಂದೂಡೋ ಹಾಗಿದ್ದರೆ ಹೋಗಬೇಡಿ, ಕಾಸ್ಟ್ ಅಕೌಂಟೆಂಟೇ ಸಾಕು.

ಗೇರ್_ಹಾಬ್

ಮೋಟಾರ್ ಶಾಫ್ಟ್ ಮಾಡ್ತೀವಿ ಅಂತ ಸುಲಭವಾಗಿ ಹೇಳ್ತಿದ್ದೀರಲ್ಲ, ಅದಕ್ಕೂ ಒಂದು ಮಾತು. ಶಾಪ್‌ಫ್ಲೋರ್ ಗೊತ್ತಿಲ್ಲದ ಮೇಷ್ಟ್ರು ಇಲ್ಲೇ ಎಡವೋದು. ಗೇರ್ ಬಾಕ್ಸ್ ಶಾಫ್ಟ್ ತಿರುವಿ ಅಭ್ಯಾಸ ಇದ್ದವರಿಗೆ ಮೋಟಾರ್ ಶಾಫ್ಟ್ ನೋಡೋಕೆ ಸುಲಭ. ಬೇರಿಂಗ್ ಕೂರೋ ಜಾಗದ ರನೌಟ್ (ತಿರುಗುವಾಗಿನ ಓಲಾಟ) 10-20 ಮೈಕ್ರಾನ್ ಕೇಳ್ತಾರೆ, ಸಿಲಿಂಡ್ರಿಕಲ್ ಗ್ರೈಂಡಿಂಗ್ ಇಲ್ಲದೆ ಆಗಲ್ಲ. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಬಾಗಿದ್ದನ್ನ ನೇರ ಮಾಡಬೇಕು. ಅಲ್ಯೂಮಿನಿಯಂ ಮೋಟಾರ್ ಹೌಸಿಂಗ್ ಗೋಡೆ ತೆಳು: ಫಿಕ್ಸ್ಚರಿನಲ್ಲಿ ಬಿಗಿದಾಗ ಬೋರ್ ಗುಂಡಗಿರುತ್ತೆ, ಬಿಟ್ಟ ತಕ್ಷಣ ಮೊಟ್ಟೆ ಆಕಾರ. ಹೈಡ್ರಾಲಿಕ್ ಕ್ಲ್ಯಾಂಪ್ ಒತ್ತಡ ಇಳಿಸಿ, ರಫ್ ಆದ ಮೇಲೆ ಸಡಿಲಿಸಿ ಮತ್ತೆ ಹಿಡಿದು ಫಿನಿಶ್ ಮಾಡಬೇಕು. ಸೈಕಲ್ ಟೈಮ್ ಹೆಚ್ಚಾಯ್ತು, ಆ ಖರ್ಚನ್ನ ಕೋಟ್‌ನಲ್ಲಿ ಹಾಕಿದ್ರಾ? ತಾಮ್ರದ ಬಸ್‌ಬಾರ್ ಅಂಟಂಟು, ಬರ್ (ಅಂಚಿನಲ್ಲಿ ಮುಳ್ಳು) ಏಳುತ್ತೆ, ಮೇಲೆ ತಾಮ್ರದ ಬೆಲೆ ಏರಿಳಿತ. ಗೇರ್ ಅಂತೂ ಕೇಳಲೇಬೇಡಿ. ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗ್ತಿದ್ದ ಕೀರಲು ಎಲೆಕ್ಟ್ರಿಕ್‌ನಲ್ಲಿ ಸ್ಪಷ್ಟ ಕೇಳುತ್ತೆ. ಶೇವಿಂಗ್‌ನಲ್ಲಿ ಮುಗೀತಿದ್ದಿದ್ದಕ್ಕೆ ಗೇರ್ ಗ್ರೈಂಡಿಂಗ್ ಬೇಕಾಗುತ್ತೆ.

ತರಗತಿ_ಆಚೆ

ಒಪ್ಪುತ್ತೇನೆ. ಅದಕ್ಕೇ ನಾನು 'ಬಿ' ಕಡೆ ಮೊದಲು ನೋಡಿ ಅನ್ನುವುದು. ಬ್ರೇಕ್, ಸಸ್ಪೆನ್ಷನ್, ವೀಲ್ ಹಬ್ ಎಲ್ಲೂ ಓಡಿಹೋಗುವುದಿಲ್ಲ. 'ಎ'ಯಿಂದ 'ಸಿ'ಗೆ ಹಾರುವುದು ಕೇಳಲು ರೋಮಾಂಚನ. 'ಎ'ಯಿಂದ 'ಬಿ'ಗೆ ಜರುಗುವುದು ಸಪ್ಪೆ, ಆದರೆ ಇರುವ ಯಂತ್ರ, ಇರುವ ಕೈಗಳಲ್ಲೇ ಆಗುತ್ತದೆ. ಹಳೇ ಬೈಕುಗಳ ಬಿಡಿಭಾಗದ ಮಾರುಕಟ್ಟೆಯೂ ವರ್ಷಗಟ್ಟಲೆ ಇರುತ್ತದೆ, ಅಲ್ಲಿ ಪ್ಯಾಕಿಂಗ್ ಮತ್ತು ಡೀಲರ್ ಜಾಲ ಬೇರೆ ವಿದ್ಯೆ. ಏರೋಸ್ಪೇಸ್ ಬಗ್ಗೆ ಬೆಂಗಳೂರಿನಲ್ಲಿ ಎಲ್ಲರಿಗೂ ಆಸೆ. ಅದಕ್ಕೆ ಬೇಕಾದ ಎಎಸ್9100 ಗುಣಮಟ್ಟದ ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ಮೊದಲ ಆರ್ಡರ್‌ಗೆ ಕಾಯಬೇಕು, ಬಂದರೂ ಐವತ್ತು ಪೀಸ್, ನೂರು ಪೀಸ್. ದಿನಕ್ಕೆ ಎರಡು ಸಾವಿರ ತೆಗೆದು ರೂಢಿಯಾದ ಶಾಪ್‌ಗೆ ಆ ಲಯ ಒಗ್ಗಲು ಕಾಲ ಹಿಡಿಯುತ್ತದೆ.

ಬೆಳಗಾವಿ_ಫೌಂಡ್ರಿ

ಇವಿ ಸ್ಟಾರ್ಟಪ್ ಗಿರಾಕಿ ಹಿಡಿಯೂ ಮುಂದ ಟೂಲಿಂಗ್ ದುಡ್ಡಿನ ಮಾತು ಕಾಗದದಾಗ ಬರಕೋರಿ. ಫಿಕ್ಸ್ಚರ್, ಟೂಲ್ ಸೇರಿ 6 ಲಕ್ಷ ಆತು ಅನ್ರಿ. 20,000 ಪೀಸಿನ ಮ್ಯಾಲೆ ಹಂಚಿದ್ರ ಪೀಸಿಗೆ 30 ರೂಪಾಯಿ. 7,000 ಪೀಸ್ ಆದ ಮ್ಯಾಲೆ ಡಿಸೈನ್ ಬದಲಿ ಮಾಡಿದ್ರ 3.9 ಲಕ್ಷ ನಿಮ್ಮ ತಲೀ ಮ್ಯಾಲೆ. ಪಿಒದಾಗ (ಗಿರಾಕಿ ಕೊಡೂ ಪರ್ಚೇಸ್ ಆರ್ಡರ್) ಒಂದು ಸಾಲು ಇರಬೇಕು: ಆರ್ಡರ್ ನಿಂತ್ರ ಉಳಿದ ಟೂಲಿಂಗ್ ದುಡ್ಡು 30 ದಿನದಾಗ ಕೊಡಬೇಕು ಅಂತ. ಡಿಸೈನ್ ಬದಲಿ ಅವರು ಮಾಡತಾರ, ಮಾಡೇ ಮಾಡತಾರ.

ಪೀಣ್ಯ_ಎರಡನೇಹಂತ

ಹಂಗಾದ್ರೆ ಗ್ರೈಂಡಿಂಗ್ ಯಂತ್ರಕ್ಕೆ, 18 ತಿಂಗಳು ಕಾಯೋದಕ್ಕೆ ದುಡ್ಡು ಎಲ್ಲಿಂದ? ಬ್ಯಾಂಕಿನವರು ಈಗಾಗಲೇ ಸಾಕು ಅಂದಿದ್ದಾರೆ.

ಖರ್ಚುಲೆಕ್ಕ

ಮೊದಲು ಒಳಗೆ ನೋಡಿ. 6 ಕೋಟಿ ವಹಿವಾಟು ಅಂದರೆ ದಿನಕ್ಕೆ 1.64 ಲಕ್ಷ. ಗಿರಾಕಿ 95 ದಿನಕ್ಕೆ ಕೊಡ್ತಿದ್ದು ಅದನ್ನು 65ಕ್ಕೆ ತಂದರೆ ಸುಮಾರು 49 ಲಕ್ಷ ಕೈಗೆ ಬರುತ್ತೆ. ಒಂದೇ ಸಲ ಬರೋ ದುಡ್ಡು ಅದು, ನೆನಪಿರಲಿ. ಸಂಬಳಕ್ಕೆ ಕರಗಿಸಿದರೆ ಹೋಯ್ತು.

ತರೋದು ಹೇಗೆ? ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನ ಮೀರೋ ಹಾಗಿಲ್ಲ, ಇಲ್ಲದಿದ್ದರೆ 15 ದಿನ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ನಿಯಮ ಬಂದ ಮೇಲೆ, ತಡ ಮಾಡಿದ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚಾಗಿ ತೋರಿಸೋಕೆ ಆಗಲ್ಲ. ಆದರೆ ಈ ತೆರಿಗೆ ನಿಯಮ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಬಾಕಿಗೆ ಮಾತ್ರ, ಮಧ್ಯಮಕ್ಕಿಲ್ಲ. ಉದ್ಯಮ್ ನೋಂದಣಿ ಸಂಖ್ಯೆ ಪ್ರತಿ ಇನ್‌ವಾಯ್ಸ್ ಮೇಲೂ ಹಾಕಿ. ಗಿರಾಕಿ ಜೊತೆ ಜಗಳ ಬೇಡ ಅಂದರೆ ಟ್ರೆಡ್ಸ್ ಅನ್ನೋ ಆನ್‌ಲೈನ್ ವೇದಿಕೆಯಲ್ಲಿ ಬ್ಯಾಂಕುಗಳಿಗೆ ಬಿಲ್ ಮಾರಿ. ಗಿರಾಕಿ ಅಲ್ಲಿ ಬಿಲ್ ಒಪ್ಪಿಕೊಂಡರೆ ಬಡ್ಡಿ ದರ ಅವರ ಹೆಸರಿನ ಮೇಲೆ ಬರುತ್ತೆ, ನಿಮ್ಮ ಹೆಸರಿನ ಮೇಲಲ್ಲ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಲೇಬೇಕು ಅನ್ನೋ ನಿಯಮ ಇದೆ. ಪರ್ಚೇಸ್ ವಿಭಾಗ ಬಿಟ್ಟು ನೇರ ಫೈನಾನ್ಸ್ ವಿಭಾಗದವರ ಹತ್ತಿರ ಕೇಳಿ.

ಸಂಜೆಪಾಳಿ

ಶಾಪ್ ಒಳಗಿನ ಸುಧಾರಣೆಗೆ ಸರ್ಕಾರದ ಲೀನ್ (ವೇಸ್ಟ್ ಕಡಿಮೆ ಮಾಡೋ) ಸ್ಕೀಮ್ ಇದೆ, ಸಲಹೆಗಾರರ ಫೀಸಿನಲ್ಲಿ ಶೇ 90 ಅವರೇ ಕೊಡ್ತಾರೆ. ಜೆಡ್ (ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆ) ಸರ್ಟಿಫಿಕೇಟ್ ಖರ್ಚಿಗೆ ಸೂಕ್ಷ್ಮ ಘಟಕಕ್ಕೆ ಶೇ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಸಬ್ಸಿಡಿ. ಬಿಡಿಭಾಗ ತಯಾರಕರ ಸಂಘ ಆಕ್ಮಾ ನಡೆಸೋ ಕ್ಲಸ್ಟರ್‌ನಲ್ಲಿ (ಹಲವು ಫ್ಯಾಕ್ಟರಿಗಳ ಗುಂಪು) ಕೌನ್ಸಿಲರ್ ಫ್ಯಾಕ್ಟರಿಗೇ ಬರ್ತಾರೆ. ಐಐಎಂ ಫೀಸು ಭಾರ ಅನ್ನಿಸಿದರೆ ಇಲ್ಲಿಂದ ಶುರು ಮಾಡಿ.

ತರಗತಿ_ಆಚೆ

ಒಂದು ವ್ಯತ್ಯಾಸ ಇಟ್ಟುಕೊಳ್ಳಿ. ಲೀನ್, ಕ್ಲಸ್ಟರ್ ಇವೆಲ್ಲ ಮಾಡುವ ಪಾರ್ಟನ್ನು ಚೆನ್ನಾಗಿ ಮಾಡಲು. ಮಾಡಬೇಕಾದ ಪಾರ್ಟ್ ಯಾವುದು ಎನ್ನುವುದು ಬೇರೆ ಪ್ರಶ್ನೆ. ಸಾಯುವ ಪಾರ್ಟಿನ ಸೆಟಪ್ ಟೈಮ್ 40ರಿಂದ 9 ನಿಮಿಷಕ್ಕೆ ಇಳಿಸಿ ಸಂಭ್ರಮಿಸುವ ಶಾಪ್‌ಗಳಿವೆ.

ಕೋರ್ಸ್ ಮುಗಿಸಿ ಬಂದವರು ಕೆಡುವ ದಾರಿಯೂ ಹೆಚ್ಚುಕಡಿಮೆ ಒಂದೇ. ಸೋಮವಾರ ಹನ್ನೊಂದು ಹೊಸ ಯೋಜನೆ, ಗೋಡೆಗೆ ಚಾರ್ಟು, ವಾಟ್ಸಾಪ್ ಗುಂಪು. ಸೂಪರ್‌ವೈಸರ್‌ಗಳು ಒಳಗೊಳಗೇ "ಸಾಹೇಬ್ರು ಕ್ಲಾಸಿಗೆ ಹೋಗಿ ಬಂದವ್ರೆ, ಹದಿನೈದು ದಿನ ತಡ್ಕೊಳ್ಳಿ" ಅನ್ನುತ್ತಾರೆ. ಅವರ ಮಾತೇ ನಿಜವಾಗುತ್ತದೆ. ಒಂದು ಕಂತಿಗೆ ಒಂದೇ ಬದಲಾವಣೆ, ಅದಕ್ಕೊಬ್ಬ ಹೊಣೆಗಾರ, ಒಂದು ತಾರೀಕು.

ಇನ್ನೊಂದು ತಪ್ಪು: ಮಗನನ್ನು ಕೋರ್ಸಿಗೆ ಕಳಿಸಿ ಚೆಕ್ ಬುಕ್ ಅಪ್ಪನ ಹತ್ತಿರವೇ ಇರುವುದು. ಹುಡುಗ ಕಲಿತು ಬರುತ್ತಾನೆ, ಊಟದ ಹೊತ್ತಿನಲ್ಲಿ ವಾದ ಶುರುವಾಗುತ್ತದೆ, ಆರು ತಿಂಗಳಿಗೆ ಅವನು ಬೇರೆ ಕೆಲಸ ಹುಡುಕುತ್ತಾನೆ. ಕೋರ್ಸಿಗೆ ಸೇರುವ ಮೊದಲೇ ಮನೆಯಲ್ಲಿ ಕೂತು ಮೊತ್ತ ಗೊತ್ತುಮಾಡಿ: ಇಷ್ಟು ಲಕ್ಷ, ಎರಡು ಯಂತ್ರ, ಇಬ್ಬರು ಆಪರೇಟರ್, ಒಂದೂವರೆ ವರ್ಷ, ಹೊಸ ಪಾರ್ಟಿಗಾಗಿ. ಅದರೊಳಗೆ ಅಪ್ಪ ಕೈ ಹಾಕುವಂತಿಲ್ಲ, ಮಗ ಅದನ್ನು ಮೀರುವಂತಿಲ್ಲ.

ಪೀಣ್ಯ_ಎರಡನೇಹಂತ

ಕೊನೇ ಪ್ರಶ್ನೆ. ತಿಂಗಳಿಗೆ ಐದು ದಿನ ಮಾಲೀಕರು ಇಲ್ಲದಿದ್ದರೆ ಶಾಪ್ ನಡೆಯುತ್ತಾ?

ಗೇರ್_ಹಾಬ್

ನಡೆಯಲ್ಲ. ಟೂಲ್ ಆರ್ಡರ್‌ಗೂ ಫೋನ್, ರಿಜೆಕ್ಷನ್ ಬಂದರೂ ಫೋನ್, ಟೆಂಪೋ ಬಂದಿಲ್ಲ ಅಂದರೂ ಫೋನ್.

ತರಗತಿ_ಆಚೆ

ಆ ಫೋನುಗಳನ್ನೇ ಬರೆದಿಡಿ. ಮೊದಲ ಕಂತಿನ ಐದು ದಿನ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ಕಾಲಮ್: ಯಾರು ಮಾಡಿದರು, ಯಾತಕ್ಕೆ, ಎಷ್ಟು ರೂಪಾಯಿಯ ವಿಷಯ, ಅಲ್ಲೇ ಯಾರು ತೀರ್ಮಾನ ಮಾಡಬಹುದಿತ್ತು. ಹೆಚ್ಚಿನವು ಸಣ್ಣ ಮೊತ್ತದವೇ ಆಗಿರುತ್ತವೆ. ಎರಡನೇ ಕಂತಿಗೆ ಹೊರಡುವ ಮೊದಲು ಮಿತಿ ಕೊಟ್ಟು ಹೋಗಿ: 25,000ದವರೆಗಿನ ಟೂಲ್ ಖರೀದಿ ಪ್ರೊಡಕ್ಷನ್ ಇನ್‌ಚಾರ್ಜ್, ಲಾಟ್ ತಡೆಹಿಡಿಯುವುದು ಕ್ವಾಲಿಟಿಯವರು, ಸಾಗಣೆ ಸ್ಟೋರ್ಸ್‌ನವರು. ಮೂರನೇ ಕಂತಿನಲ್ಲಿ ಅದೇ ಪುಸ್ತಕ ಮತ್ತೆ ಬರೆಯಿರಿ.

ಬೆಳಗಾವಿ_ಫೌಂಡ್ರಿ

ಲಾಟ್ ಹಿಡಿಯೂ ಅಧಿಕಾರ ಕ್ವಾಲಿಟಿಯವರಿಗೆ ಕೊಟ್ಟ ಮ್ಯಾಲೆ, ಅವರು ಹಿಡಿದ ಲಾಟ್ ನೀವು ಫೋನಿನಾಗ ಬಿಡಿಸಬ್ಯಾಡ್ರಿ ಮತ್ತ. ಒಮ್ಮೆ ಬಿಡಿಸಿದ್ರ ಮುಗೀತು, ನಾಳಿಂದ ಎಲ್ಲಾ ಫೋನೂ ನಿಮಗs.

ಪೀಣ್ಯ_ಎರಡನೇಹಂತ

ಸರಿ. ಪಾರ್ಟ್ ಪಟ್ಟಿಗೆ ಎ-ಬಿ-ಸಿ ಹಾಕಿ, ಎನ್‌ಕ್ವಾಯರಿ ಲೆಕ್ಕ ಸೇರಿಸಿ ಇಲ್ಲೇ ಹಾಕ್ತೀನಿ, ಗಿರಾಕಿಗಳ ಹೆಸರು ಅಳಿಸಿ. ಕ್ಲಚ್ ಹಬ್ 'ಎ'ಗಾ 'ಬಿ'ಗಾ ಅಂತ ಈಗಲೇ ಒಂದು ಅನುಮಾನ.

ಖರ್ಚುಲೆಕ್ಕ

'ಎ'. ಗಿರಾಕಿ ಗೇರ್ ಇರೋ ಎಲೆಕ್ಟ್ರಿಕ್ ಬೈಕ್ ಡ್ರಾಯಿಂಗ್ ಕೈಗೆ ಕೊಡೋವರೆಗೂ 'ಎ'.